ಅರ್ಧಕ್ಕೆ ನಿಂತ ಕೌದಿಗಳು

ಮನೆ ಬದಲಿಸುವುದೆಂದರೆ ಒಂದು ಬಗೆಯ ಉತ್ಖನನ. ಕೇಂದ್ರ ಸರಕಾರದ ನೌಕರಿಯಲ್ಲಿರುವ ನಮಗೆ ಇದು ಹೊಸದಲ್ಲ. ವಸತಿಗೃಹದ ಹಂಚಿಕೆಪತ್ರ ಕೈಗೆ ಬಂದ ದಿನದಿಂದ ಅಟ್ಟದ ಮೇಲಿನ ಗಂಟುಗಳು ಕೆಳಗಿಳಿಯತೊಡಗುತ್ತವೆ. ಒಂದೊಂದು ಪದರ ಸರಿದಂತೆ ಮನೆತನದ ಒಂದೊಂದು ಕಾಲ ಕಣ್ಣಿಗೆ ಬೀಳುತ್ತದೆ. ಕಳೆದ ವರ್ಷ ಮುಂಬಯಿಯಲ್ಲೇ ಒಂದು ವಸತಿಗೃಹದಿಂದ ಮತ್ತೊಂದಕ್ಕೆ ಹೋಗುವಾಗ ನಮಗೆ ಸಿಕ್ಕಿದ್ದು ಅತ್ತೆಯವರ ತಗಡಿನ ಟ್ರಂಕು. ಅವರು ತೀರಿಕೊಂಡು ಆರು ವರ್ಷಗಳಾಗಿದ್ದರೂ ಅದರ ಬೀಗ ತೆಗೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ. ತೆಗೆದಾಗ ಬೇವಿನ ಒಣ ಎಲೆಗಳ ಕೆಳಗೆ ಮೂರು ಕೌದಿಗಳಿದ್ದವು. ಮೂರೂ ಅರ್ಧಕ್ಕೆ ನಿಂತಂಥವು.

ಮೊದಲನೆಯದು ಕೂಸಿನ ಕೌದಿ. ನಮ್ಮ ಮಗಳು ಹುಟ್ಟುವ ಮುನ್ನ ಆರಂಭಿಸಿದ್ದು. ಎರಡು ಅಂಚು ಮಾತ್ರ ಮುಗಿದಿದೆ. ಆ ಕೂಸು ಈಗ ಕಾಲೇಜಿಗೆ ಹೋಗುತ್ತಿದೆ. ಎರಡನೆಯದು ಇಬ್ಬರು ಹೊದೆಯುವಷ್ಟು ದೊಡ್ಡದು. ಮಾವನವರ ಧೋತರ, ಅತ್ತೆಯವರದೇ ಇಳಕಲ್ಲ ಸೀರೆಗಳು, ಮಕ್ಕಳ ಶಾಲೆಯ ಖಾಕಿ ಚಡ್ಡಿಯ ತುಂಡುಗಳು ಎಲ್ಲವೂ ಅದರಲ್ಲಿವೆ. ಅರ್ಧಕ್ಕಿಂತ ಹೆಚ್ಚು ಹೊಲಿಗೆಯಾಗಿ, ಸೂಜಿ ಅಲ್ಲಿಯೇ ಚುಚ್ಚಿಕೊಂಡು ತುಕ್ಕು ಹಿಡಿದಿತ್ತು. ಮೂರನೆಯದನ್ನು ಕೌದಿ ಎನ್ನುವಂತೆಯೂ ಇರಲಿಲ್ಲ: ಗುಳೇದಗುಡ್ಡದ ಖಣಗಳನ್ನು ತ್ರಿಕೋನವಾಗಿ ಕತ್ತರಿಸಿ, ಬಣ್ಣ ಬಣ್ಣಕ್ಕೆ ಬೇರೆ ಮಾಡಿ, ಸೀರೆಯ ಅಂಚಿನಿಂದ ಕಟ್ಟಿಟ್ಟ ಕಟ್ಟುಗಳು.

ಹೊಸ ಮನೆಯಲ್ಲಿ ಹೊಲಿಗೆಗೊಂದು ಜಾಗ ಮಾಡಿಕೊಂಡು ಇವನ್ನು ಮುಗಿಸಬೇಕೆಂದು ನಾವು ಹೇಳಿದಾಗ ಯಜಮಾನರು ತಲೆಯಾಡಿಸಿದರು. ಆದರೆ ಕೆಲಸಕ್ಕೆ ಕೈಹಚ್ಚುವ ಮೊದಲೇ ಎರಡು ಪ್ರಶ್ನೆಗಳು ಎದುರಾದವು. ಕೌದಿಯನ್ನು ಹೊಲಿಯುವ ಜಾಗ ಯಾವುದು? ಇನ್ನೊಬ್ಬರು ಬಿಟ್ಟುಹೋದ ಹೊಲಿಗೆಯನ್ನು ಮುಗಿಸುವ ಹಕ್ಕು ಯಾರದು? ಮನೆವಾರ್ತೆಯ ಪ್ರಶ್ನೆಗಳಂತೆ ಕಂಡ ಇವುಗಳ ಬೆನ್ನು ಹತ್ತಿದಾಗ ಇತಿಹಾಸದೊಳಗೆ ಬಹಳ ದೂರ ನಡೆಯಬೇಕಾಯಿತು. ಆ ನಡಿಗೆಯ ವಿವರವೇ ಈ ಬರಹ.

ನಮ್ಮಲ್ಲಿ ಕೌದಿ ಎಂದು ಕರೆಯುವುದನ್ನು ಮರಾಠಿಯವರು ಗೋಧಡಿ ಎನ್ನುತ್ತಾರೆ, ತೆಲುಗರು ಬೊಂತ ಎನ್ನುತ್ತಾರೆ. ಹಿಂದಿಯಲ್ಲಿ ಅದು ಗುದಡಿ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ಮರುಭೂಮಿಯಲ್ಲಿ ರಲ್ಲಿ, ಬಂಗಾಳದಲ್ಲಿ ಕಾಂಥಾ. ಹೆಸರು ಬೇರೆಯಾದರೂ ಹುಟ್ಟು ಒಂದೇ: ಉಟ್ಟು ಹಳೆಯದಾದ ಬಟ್ಟೆಯನ್ನು ಎಸೆಯದೆ, ಪದರದ ಮೇಲೆ ಪದರ ಹಾಸಿ, ಸೂಜಿಯನ್ನು ಒಳಗೂ ಹೊರಗೂ ಸಾಲಾಗಿ ಓಡಿಸಿ ಮತ್ತೊಂದು ಆಯುಷ್ಯ ಕೊಡುವುದು. ಹೊಸ ಬಟ್ಟೆ ಒರಟು. ನೂರು ಸಲ ಒಗೆದ ಧೋತರ ಮೆತ್ತಗೆ. ಆದ್ದರಿಂದಲೇ ಹುಟ್ಟಿದ ಕೂಸಿಗೆ ಅಜ್ಜಿಯ ಸೀರೆಯ ಕೌದಿ. ಬಡತನದ ಲೆಕ್ಕಾಚಾರವೂ ಮೈಗೆ ಹಿತವಾಗುವುದರ ಅರಿವೂ ಇಲ್ಲಿ ಒಟ್ಟಿಗೆ ಕೂಡಿಕೊಂಡಿವೆ.

ತುಂಡು ಬಟ್ಟೆಗೆ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಒಂದು ಘನತೆ ಒದಗಿತ್ತು. ಬೌದ್ಧ ಭಿಕ್ಷುಗಳು ಕಸದ ಗುಂಡಿಯಿಂದ, ಸ್ಮಶಾನದಿಂದ ಆಯ್ದ ಚಿಂದಿಗಳನ್ನು ಜೋಡಿಸಿ ಚೀವರ ಮಾಡಿಕೊಳ್ಳುತ್ತಿದ್ದರು. ಇದಕ್ಕೆ ಪಾಂಸುಕೂಲ ಎಂದು ಹೆಸರು. ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಪ್ರಯಾಣದಲ್ಲಿದ್ದ ಬುದ್ಧನು ಮಗಧದ ಗದ್ದೆಗಳನ್ನು, ಅವುಗಳ ನಡುವಿನ ಬದುಗಳನ್ನು ಆನಂದನಿಗೆ ತೋರಿಸಿ, ಭಿಕ್ಷುಗಳ ಚೀವರವನ್ನು ಹೀಗೆ ಮಾಡಬಹುದೇ ಎಂದು ಕೇಳುತ್ತಾನೆ. ಆನಂದನು ಗದ್ದೆಯ ಮಡಿಗಳಂತೆ ತುಂಡುಗಳನ್ನು ಜೋಡಿಸಿ ತರುತ್ತಾನೆ. ಅಂದಿನಿಂದ ದಾನಿಗಳು ಹೊಸ ಬಟ್ಟೆ ಕೊಟ್ಟರೂ ಅದನ್ನು ಕತ್ತರಿಸಿ, ತುಂಡಾಗಿಸಿ, ಮತ್ತೆ ಹೊಲಿದೇ ಧರಿಸುವುದು ನಿಯಮವಾಯಿತು. ಕತ್ತರಿಸಿದ ಬಟ್ಟೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದರ ಮೇಲೆ ಆಸೆಯೂ ಇಲ್ಲ. ಜೋಗಿಗಳ ಕಂಥೆಯ ಹಿಂದೆಯೂ ಇದೇ ವಿಚಾರವಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರು ಕಾಣುವಾಗ, ಸೂಜಿಯನ್ನೇ ಕಾಯಕವಾಗಿ ಹೆಸರಿನಲ್ಲಿ ಹೊತ್ತ ಒಬ್ಬ ಮನುಷ್ಯ ನಮ್ಮ ವಚನಪರಂಪರೆಯಲ್ಲಿ ಇದ್ದನೆಂಬುದೇ ಒಂದು ಸಮಾಧಾನ.

ಆದರೆ ಇವೆಲ್ಲ ಗಂಡಸರ, ಸನ್ಯಾಸಿಗಳ, ಶರಣರ ಕಥೆಗಳು. ಮನೆಯೊಳಗೆ ಕೌದಿ ಹೊಲಿದ ಹೆಣ್ಣುಮಕ್ಕಳು ಬರಹದ ಇತಿಹಾಸದಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಕಾರಣ ಕೌದಿಯ ಸ್ವಭಾವದಲ್ಲೇ ಇದೆ. ಪಟ್ಟೆ ಪೀತಾಂಬರಗಳನ್ನು ಪೆಟ್ಟಿಗೆಯಲ್ಲಿ ಕಾಪಾಡುತ್ತಾರೆ; ಕೌದಿಯನ್ನು ದಿನವೂ ಹೊದೆಯುತ್ತಾರೆ. ಹೊದ್ದು ಹರಿದಾಗ ಅದು ಮತ್ತೊಂದು ಕೌದಿಯ ಒಳಪದರವಾಗುತ್ತದೆ, ಆಮೇಲೆ ಎತ್ತಿನ ಬೆನ್ನ ಮೇಲಿನ ಹಾಸು, ಕೊನೆಗೆ ನೆಲ ಒರೆಸುವ ಅರಿವೆ. ಹೀಗೆ ಪೂರ್ತಿ ಸವೆದುಹೋಗುವುದೇ ಅದರ ಸಾರ್ಥಕತೆ. ಸಾರ್ಥಕವಾದ ಕೌದಿ ಇತಿಹಾಸಕಾರನ ಕೈಗೆ ಸಿಗುವುದಿಲ್ಲ. ಸಿಗುವುದೇನಿದ್ದರೂ ಬಳಸದೆ ಉಳಿದದ್ದು ಅಥವಾ ಮುಗಿಯದೆ ಉಳಿದದ್ದು.

ಜಾಗದ ಪ್ರಶ್ನೆಗೆ ಬರೋಣ. ಬಯಲುಸೀಮೆಯ ನಮ್ಮ ಊರುಗಳಲ್ಲಿ ಕೌದಿಗೆಂದು ಒಂದು ಕೋಣೆ ಇರಲಿಲ್ಲ, ಅದಕ್ಕೊಂದು ಕಾಲವಿತ್ತು. ಸುಗ್ಗಿ ಮುಗಿದು, ಕಣ ಬರಿದಾಗಿ, ಮಳೆಗೆ ಇನ್ನೂ ತಡವಿರುವ ಬೇಸಗೆಯ ಮಧ್ಯಾಹ್ನಗಳು ಕೌದಿಯ ಕಾಲ. ಪಡಸಾಲೆಯಲ್ಲೋ ಬೇವಿನ ಮರದ ನೆರಳಲ್ಲೋ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಮೇಲೆ ಚಿಂದಿಗಳನ್ನು ಸುಕ್ಕಿಲ್ಲದಂತೆ ಹರಡಿ, ಇನ್ನೊಂದು ಸೀರೆ ಮುಚ್ಚಿ, ಅಂಚು ಮಡಿಚಿ ಹೊಲಿಯಲು ಕೂಡುತ್ತಿದ್ದರು. ನಾಲ್ಕು ಮೂಲೆಗೆ ನಾಲ್ವರು ಕೂತರೆ ಕೆಲಸ ಬೇಗ ಸಾಗುತ್ತಿತ್ತು. ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಕಾಳುಕಡಿ, ಹಣ ಪಡೆಯುವ ಹೆಣ್ಣುಮಕ್ಕಳೂ ಇದ್ದರು. ಅವರು ಬಂದಾಗ ಮನೆಯ ಮುಂದಿನ ಕಟ್ಟೆಯೇ ಹೊಲಿಗೆಯ ಶಾಲೆ. ಅಂದರೆ ಕೌದಿಗೆ ಬೇಕಾದದ್ದು ಗೋಡೆಗಳಲ್ಲ, ಮೈಚಾಚಿ ಹರಡುವಷ್ಟು ನೆಲ ಮತ್ತು ಬಿಡುವಿರುವ ನಾಲ್ಕು ಜೊತೆ ಕೈ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಬಾಳುವ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನು ಇಲ್ಲಿ ನೆನೆಯಲೇಬೇಕು. ಅವರ ಪೂರ್ವಿಕರು ಆಫ್ರಿಕದಿಂದ ಗುಲಾಮರಾಗಿ, ಸೈನಿಕರಾಗಿ ಬಂದವರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಹಲವರು. ಸರಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಅಲ್ಲಿ ಓಡಾಡಿ ಈ ಕೌದಿಗಳನ್ನು ಹೊರಜಗತ್ತಿಗೆ ಪರಿಚಯಿಸಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೂ ರೂಪುಗೊಂಡಿತು. ಕವಂದಿ ಎಂದು ಅವರು ಕರೆಯುವ ಈ ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಕೈಗೆ ಬಂದ ತುಂಡು ಮುಂದಿನ ತುಂಡನ್ನು ಕರೆಯುತ್ತದೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಿಗೆ ಬಟ್ಟೆಯ ಚೂರನ್ನು ತ್ರಿಕೋನವಾಗಿ ಮಡಿಚಿ ಹೊಲಿಯುತ್ತಾರೆ. ಅದಕ್ಕೆ ಫುಲ, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಉಪಯೋಗದ ದೃಷ್ಟಿಯಿಂದ ಆ ಹೂವು ಬೇಕಿಲ್ಲ. ಅದಿಲ್ಲದೆಯೂ ಕೌದಿ ಬೆಚ್ಚಗಿರುತ್ತದೆ. ಆದರೂ ಅದಿಲ್ಲದೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ‘ಮುಗಿಸುವುದು’ ಎಂಬ ಮಾತಿಗೆ ಇಷ್ಟು ಸರಳವಾದ, ಇಷ್ಟು ಖಚಿತವಾದ ಅರ್ಥವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಮನೆಯ ಹೊಲಿಗೆಯ ಪಕ್ಕದಲ್ಲಿ ಹೊಲಿದವಳ ಹೆಸರೂ ಉಳಿದ ಅಪರೂಪದ ಉದಾಹರಣೆ ಬಂಗಾಳದ್ದು. ಅಲ್ಲಿನ ಹೆಣ್ಣುಮಕ್ಕಳು ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು ಕಾಂಥಾ ಹೊಲಿಯುತ್ತಿದ್ದರು. ಬಟ್ಟೆಯೂ ದಾರವೂ ಮನೆಯದೇ. ಇವುಗಳನ್ನು ಹಳ್ಳಿಹಳ್ಳಿಗಳಿಂದ ಆಯ್ದು ತಂದವರಲ್ಲಿ ಮುಖ್ಯರಾದವರು ಗುರುಸದಯ ದತ್ತ (1882–1941). ಅವರು ಐ.ಸಿ.ಎಸ್. ಅಧಿಕಾರಿ. ಜಿಲ್ಲೆಗಳಲ್ಲಿ ಆಡಳಿತದ ಕೆಲಸಕ್ಕಾಗಿ ತಿರುಗುವಾಗಲೇ ಪಟಗಳನ್ನು, ಗೊಂಬೆಗಳನ್ನು, ಕಾಂಥಾಗಳನ್ನು ಸಂಗ್ರಹಿಸಿದವರು. ಸರಕಾರಿ ನೌಕರಿಯಲ್ಲಿರುವ ನಮಗೆ ಈ ಹೆಸರಿನ ಮೇಲೆ ವಿಶೇಷ ಅಭಿಮಾನ; ಪ್ರವಾಸಭತ್ಯೆಯ ಬಿಲ್ಲಿನಾಚೆಗೂ ಪ್ರವಾಸಕ್ಕೊಂದು ಫಲವಿರಬಹುದೆಂದು ತೋರಿಸಿದವರು ಅವರು. ಕೋಲ್ಕತ್ತದ ಹೊರವಲಯದ ಜೋಕಾದಲ್ಲಿ ಅವರ ಹೆಸರಿನ ಸಂಗ್ರಹಾಲಯವಿದೆ. ಅಲ್ಲಿ ಮಾನದಾಸುಂದರಿ ಎಂಬಾಕೆ ತನ್ನ ತಂದೆಗಾಗಿ ಸ್ವಂತ ಕೈಯಿಂದ ಹೊಲಿದ ಕಾಂಥಾ ಪ್ರಸಿದ್ಧವಾದದ್ದು. ಆ ಮಾತನ್ನು ಆಕೆ ಸೂಜಿಯಿಂದಲೇ ಬಟ್ಟೆಯ ಮೇಲೆ ಬರೆದಿದ್ದಾಳೆ. ಹೆಣ್ಣೊಬ್ಬಳ ಹೆಸರು, ಆಕೆಯ ಅಕ್ಷರ, ಆಕೆಯ ಉದ್ದೇಶ ಮೂರೂ ಒಂದು ಹಳೆಯ ಬಟ್ಟೆಯ ಮೇಲೆ ಉಳಿದು ಬಂದಿವೆ.

ಬಂಗಾಳಿ ಕವಿ ಜಸೀಮುದ್ದೀನರು 1929ರಲ್ಲಿ ಪ್ರಕಟಿಸಿದ ‘ನಕ್ಷೀ ಕಾಂಥಾರ್ ಮಾಠ್’ ಎಂಬ ಕಥನಕಾವ್ಯದ ನಾಯಕಿ ಸಾಜು. ಗಂಡ ಊರು ಬಿಟ್ಟು ಹೋಗಬೇಕಾಗುತ್ತದೆ. ಆಕೆ ತನ್ನ ಬದುಕಿನ ಕಥೆಯನ್ನೆಲ್ಲ ಕಾಂಥಾದ ಮೇಲೆ ಹೊಲಿಯುತ್ತ ಕಾಯುತ್ತಾಳೆ. ಹೊಲಿಗೆ ಮುಗಿಯುವಾಗ ಆಕೆಯ ಆಯುಷ್ಯವೂ ಮುಗಿಯುತ್ತದೆ. ಆ ಕಾಂಥಾವನ್ನು ತನ್ನ ಗೋರಿಯ ಮೇಲೆ ಹೊದಿಸಲು ಹೇಳಿ ಸಾಯುತ್ತಾಳೆ. ಓದುವಾಗ ಕಣ್ಣು ತುಂಬುತ್ತದೆ, ನಿಜ. ಆದರೆ ನಮ್ಮ ಟ್ರಂಕಿನ ಮುಂದೆ ಕೂತಾಗ ಅನಿಸಿದ್ದು ಇಷ್ಟು: ಕಾವ್ಯದಲ್ಲಿ ಹೊಲಿಗೆಯೂ ಬದುಕೂ ಒಟ್ಟಿಗೇ ಮುಗಿಯುತ್ತವೆ, ಮನೆಗಳಲ್ಲಿ ಹಾಗಾಗುವುದಿಲ್ಲ. ಬದುಕು ಮೊದಲು ಮುಗಿದು, ಹೊಲಿಗೆ ಉಳಿದುಬಿಡುತ್ತದೆ.

ಉಳಿದ ಹೊಲಿಗೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಮಗೆ ಮೊದಲು ನೆನಪಾದದ್ದು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಕೈಗೆ ಬಂದ ಒಂದು ಅಂಕದ ಅಮೆರಿಕನ್ ನಾಟಕ, ಸೂಸನ್ ಗ್ಲಾಸ್ಪೆಲ್ ಅವರ ‘ಟ್ರೈಫಲ್ಸ್’. ಲೇಖಕಿ ಮೊದಲು ಪತ್ರಿಕಾ ವರದಿಗಾರ್ತಿ. 1900ರ ಡಿಸೆಂಬರಿನಲ್ಲಿ ಅಯೋವಾ ಸಂಸ್ಥಾನದಲ್ಲಿ ಜಾನ್ ಹೊಸ್ಸಾಕ್ ಎಂಬ ರೈತನ ಕೊಲೆಯಾಗಿ, ಆತನ ಹೆಂಡತಿಯ ಮೇಲೆ ಆರೋಪ ಬಂದಾಗ ಆ ಮೊಕದ್ದಮೆಯನ್ನು ವರದಿ ಮಾಡಿದ್ದರು. ಹದಿನಾರು ವರ್ಷಗಳ ನಂತರ, 1916ರಲ್ಲಿ, ಅದೇ ವಸ್ತು ನಾಟಕವಾಯಿತು. ನಾಟಕದಲ್ಲಿ ಸರಕಾರಿ ವಕೀಲರೂ ಶೆರೀಫರೂ ಸಾಕ್ಷ್ಯಕ್ಕಾಗಿ ಮಹಡಿ, ಕೊಟ್ಟಿಗೆಗಳನ್ನೆಲ್ಲ ಹುಡುಕುತ್ತಾರೆ. ಜೊತೆಗೆ ಬಂದ ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ಉಳಿಯುತ್ತಾರೆ. ಅವರ ಕಣ್ಣಿಗೆ ಬೀಳುವುದು ಆರೋಪಿಯ ಹೊಲಿಗೆಯ ಬುಟ್ಟಿ, ಅದರಲ್ಲಿ ಮುಗಿಯದ ಕೌದಿಯ ತುಂಡುಗಳು. ಉಳಿದೆಲ್ಲ ತುಂಡುಗಳ ಹೊಲಿಗೆ ಸಮನಾಗಿ, ಅಚ್ಚುಕಟ್ಟಾಗಿದೆ. ಕೊನೆಯ ಒಂದರಲ್ಲಿ ಮಾತ್ರ ಹೊಲಿಗೆ ದಿಕ್ಕುತಪ್ಪಿದೆ. ಆ ಒಂದು ತುಂಡಿನಿಂದ ಅವರಿಗೆ ಅವಳ ಮನಸ್ಸು ಓದಲು ಸಿಗುತ್ತದೆ. ಓದಿದೊಡನೆ ಅವರಲ್ಲೊಬ್ಬಳು ಸದ್ದಿಲ್ಲದೆ ಆ ಕೆಟ್ಟ ಹೊಲಿಗೆಯನ್ನು ಬಿಚ್ಚಿ ಸರಿಯಾಗಿ ಹೊಲಿಯತೊಡಗುತ್ತಾಳೆ. ಗಂಡಸರ ಪಾಲಿಗೆ ಅದು ಹೆಂಗಸರ ಕ್ಷುಲ್ಲಕ ಕೆಲಸ. ನಾಟಕದ ಹೆಸರೂ ಅದೇ. ನಿಜದಲ್ಲಿ ಆ ಕ್ಷಣ ಒಂದು ಸಾಕ್ಷ್ಯ ಅಳಿಸಿಹೋಗುತ್ತಿದೆ.

ಆಗ ಪರೀಕ್ಷೆಗಾಗಿ ಈ ದೃಶ್ಯದ ಮೇಲೆ ನಾವು ಪುಟಗಟ್ಟಲೆ ಬರೆದಿರಬೇಕು. ಅದರ ತೂಕ ತಿಳಿದದ್ದು ಮಾತ್ರ ಅತ್ತೆಯವರ ದೊಡ್ಡ ಕೌದಿಯನ್ನು ನೆಲಕ್ಕೆ ಹರಡಿದ ದಿನ. ಅದರ ಮೊದಲ ಸಾಲುಗಳು ಅಕ್ಕಿಕಾಳಿನಷ್ಟು ಸಣ್ಣ, ಒಂದೇ ಅಳತೆಯ ಹೊಲಿಗೆ. ನಡುವಿಗೆ ಬರುತ್ತಿದ್ದಂತೆ ಸುಮಾರು ಒಂದು ಗೇಣು ಅಗಲದಷ್ಟು ಹೊಲಿಗೆ ಉದ್ದುದ್ದವಾಗಿ, ಸಾಲು ಅಂಕುಡೊಂಕಾಗಿ, ಒಂದೆರಡು ಕಡೆ ಒಂದೇ ಜಾಗದಲ್ಲಿ ನಾಲ್ಕಾರು ಸಲ ಸೂಜಿ ಚುಚ್ಚಿದಂತಿತ್ತು. ಆಮೇಲೆ ಮತ್ತೆ ಸರಿಯಾಗಿ, ಮತ್ತೆ ನಿಂತೇಬಿಟ್ಟಿತ್ತು. ಬಿಚ್ಚಿ ಮೊದಲಿನಿಂದ ಹೊಲಿಯುವುದೇ ಸರಿ ಎಂದು ಕತ್ತರಿ ಹಿಡಿದಿದ್ದೆವು. ಅದೇ ವಾರ ಗದಗ ಎಕ್ಸ್‌ಪ್ರೆಸ್ಸಿನಲ್ಲಿ ಬಾಗಲಕೋಟೆಯಿಂದ ನಾದಿನಿ ಬಂದಿದ್ದರು. ಅವರು ಕೌದಿಯ ಮೇಲೆ ಕೈಯಾಡಿಸಿ ಸುಮ್ಮನೆ ಕೂತರು. ಆಮೇಲೆ ಹೇಳಿದರು:

“ವೈನಿ, ಇದನ್ನ ಬಿಚ್ಚಬ್ಯಾಡ್ರಿ. ಅಪ್ಪನ್ನ ದವಾಖಾನ್ಯಾಗ ಇಟ್ಟಿದ್ವಲ್ರೀ, ಆವಾಗಿಂದು ಇದು. ಅವ್ವ ಮಂಚದ ಬಾಜೂಕ ನೆಲದ ಮ್ಯಾಲ ಕೂತು ಹೊಲಿತಿದ್ಲು. ರಾತ್ರಿ ದೀಪ ಆರಿಸಿದ್ರೂ ಬಿಡತಿದ್ದಿಲ್ಲ.”

ನಮ್ಮ ಮದುವೆಗೂ ಮೊದಲಿನ ಸಂಗತಿ ಅದು. ಮಾವನವರು ನಲವತ್ತು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡು ಮನೆಗೆ ಬಂದರೆಂದು ಕೇಳಿದ್ದೆವು; ಆ ನಲವತ್ತು ದಿನ ಅತ್ತೆಯವರು ಹೇಗಿದ್ದರೆಂದು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅವರು ಅಕ್ಷರ ಕಲಿತವರಲ್ಲ. ದಿನಚರಿಯಿಲ್ಲ, ಪತ್ರವಿಲ್ಲ. ಅಂಕುಡೊಂಕಾದ ಆ ಒಂದು ಗೇಣು ಹೊಲಿಗೆಯೇ ಅವರು ಬಿಟ್ಟುಹೋದ ಬರಹ. ಅಚ್ಚುಕಟ್ಟಿನ ಹೆಸರಿನಲ್ಲಿ ನಾವು ಅದನ್ನೇ ಕತ್ತರಿಸಲು ಹೊರಟಿದ್ದೆವು.

ಹಾಗಾದರೆ ಮುಟ್ಟದೆ ಹಾಗೆಯೇ ಇಡಬೇಕೆ? ಕೆಲವು ದಿನ ಅದೇ ಸರಿಯೆನಿಸಿತು. ಆದರೆ ಕೌದಿ ಇರುವುದು ಹೊದೆಯುವುದಕ್ಕೆ. ಮುಟ್ಟದೆ ಇಟ್ಟರೆ ಟ್ರಂಕಿನ ಬೀಗ ಮತ್ತೆ ಬೀಳುತ್ತದೆ. ಮುಂದಿನ ಮನೆ ಬದಲಾವಣೆಯಲ್ಲಿ ನಮ್ಮ ಮಗಳ ಎದುರಿಗೆ ಇದೇ ಪ್ರಶ್ನೆ ಇನ್ನೂ ಮಬ್ಬಾಗಿ ಬಂದು ನಿಲ್ಲುತ್ತದೆ. ಆಗ ಈ ಸಾಲುಗಳನ್ನು ಓದಿ ಹೇಳುವ ನಾದಿನಿಯೂ ಇರಲಾರರು.

ದಾರಿ ತೋರಿಸಿದ್ದು, ಹೇಳಿದರೆ ನಗಬಹುದು, ಕಚೇರಿಯ ಕಡತ. ಸರಕಾರಿ ಕಡತದಲ್ಲಿ ಟಿಪ್ಪಣಿಯ ಹಾಳೆ ಎಂದು ಒಂದಿರುತ್ತದೆ. ಹಿಂದಿನ ಅಧಿಕಾರಿ ಬರೆದದ್ದು ತಪ್ಪಿರಲಿ, ಸರಿಯಿರಲಿ, ಅದನ್ನು ಅಳಿಸುವಂತಿಲ್ಲ, ಹರಿಯುವಂತಿಲ್ಲ. ಹೊಸಬರು ಅದರ ಕೆಳಗೆ ತಮ್ಮ ಮಾತು ಬರೆದು, ಸಹಿ ಹಾಕಿ, ದಿನಾಂಕ ನಮೂದಿಸಿ ಮುಂದೆ ಕಳಿಸಬೇಕು. ಹೀಗೆ ಒಂದು ಕಡತ ಹಲವರ ಕೈದಾಟಿ ಮುಗಿಯುತ್ತದೆ. ಯಾರ ಕೈ ಎಲ್ಲಿ ನಿಂತಿತು, ಯಾರದು ಎಲ್ಲಿಂದ ಆರಂಭವಾಯಿತು ಎಂಬುದು ಸ್ಪಷ್ಟವಾಗಿ ಉಳಿಯುತ್ತದೆ. ಇಪ್ಪತ್ತು ವರ್ಷ ಈ ಕ್ರಮವನ್ನು ಬೇಸರದಿಂದ ಪಾಲಿಸಿದ ನಮಗೆ ಅದರಲ್ಲಿ ಒಂದು ಮರ್ಯಾದೆ ಇದೆಯೆಂದು ಹೊಳೆದದ್ದು ಆಗಲೇ. ಅತ್ತೆಯವರ ಹೊಲಿಗೆ ಬಿಳಿದಾರದ್ದು. ಅವರ ಕೊನೆಯ ಸಾಲಿನ ಕೆಳಗಿನಿಂದ ನಾವು ಕೆಂಪುದಾರದಲ್ಲಿ ಮುಂದುವರಿಸುವುದು. ಅವರದೊಂದು ಹೊಲಿಗೆಯನ್ನೂ ಬಿಚ್ಚದಿರುವುದು. ತುಕ್ಕುಹಿಡಿದ ಸೂಜಿಯನ್ನು ತೆಗೆದು ಡಬ್ಬಿಯಲ್ಲಿಡುವುದು. ಹೀಗೆಂದು ನಿಶ್ಚಯವಾಯಿತು.

ಇನ್ನು ಜಾಗ. ಮುಂಬಯಿಯಲ್ಲಿ ನೆಲ ಸಿಗುವುದು ಎಷ್ಟು ಕಷ್ಟವೆಂದು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಈ ಊರು ಬೆಳೆದದ್ದೇ ಬಟ್ಟೆಯಿಂದ. 1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ಮೊದಲ ಹತ್ತಿ ಗಿರಣಿಗೆ ಅಡಿಪಾಯ ಹಾಕಿದ ಮೇಲೆ ಗಿರಣಗಾಂವದ ಚಿಮಣಿಗಳು ಎದ್ದವು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು 1956ರವರೆಗೂ ಮುಂಬಯಿ ಆಡಳಿತಕ್ಕೇ ಸೇರಿದ್ದರಿಂದ ನಮ್ಮ ಸೀಮೆಯವರು ಹೊಟ್ಟೆಪಾಡಿಗೆ ಇಲ್ಲಿಗೆ ಬರುವುದು ಪರದೇಶಕ್ಕೆ ಹೋದಂತಿರಲಿಲ್ಲ. ಬರುವಾಗ ಗಂಟಿನಲ್ಲಿ ಒಂದು ಕೌದಿ ಇದ್ದೇ ಇರುತ್ತಿತ್ತು. ಬಟ್ಟೆ ನೇಯುವ ಊರಿನಲ್ಲಿ ಚಿಂದಿಗೂ ಕೊರತೆಯಿರಲಿಲ್ಲ. ಚಿಂದಿ ಎಂಬ ಮಾತು ಮರಾಠಿಯಲ್ಲೂ ಅದೇ. ಆದರೆ ಹರಡಲು ನೆಲವೆಲ್ಲಿ? 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಕೋಣೆಯೆಂದರೆ 160 ಚದರ ಅಡಿ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಪಾಳಿಯ ಮೇಲೆ ಮಲಗುವ ನೆಂಟರು. ಹಾಗಾಗಿ ಚಾಳಿನ ಹೊಲಿಗೆ ಹೊರಗಿನ ಉದ್ದ ಪಡಸಾಲೆಗೆ ಬಂದಿತು. ಗಂಡಸರು ಪಾಳಿಗೆ ಹೋದ ಮಧ್ಯಾಹ್ನ ಬಾಗಿಲ ಮುಂದೆ ಹಾಸಿದ ಗೋಧಡಿಯ ಒಂದು ಮೂಲೆಗೆ ಮರಾಠಿ, ಇನ್ನೊಂದಕ್ಕೆ ಕನ್ನಡ, ಮತ್ತೊಂದಕ್ಕೆ ತೆಲುಗು ಎಂದು ಹಳಬರು ನೆನೆಯುವುದನ್ನು ನಾವು ಕೇಳಿದ್ದೇವೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾಗಿ, ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ನೇಯುವವರಿದ್ದ ಕಡೆ ಇಂದು ಗಾಜಿನ ಗೋಪುರಗಳು ನಿಂತಿವೆ.

ಹೊಲಿಗೆಗೆ ಮನೆಯೊಳಗೆ ಒಂದು ಶಾಶ್ವತ ಮೂಲೆ ದೊರಕಿಸಿದ್ದು ಯಂತ್ರ. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಕಂತಿನ ಮೇಲೆ ಮಾರುವ ಪದ್ಧತಿಯಿಂದ ಸಿಂಗರ್ ಯಂತ್ರ ಸಮುದ್ರಗಳನ್ನು ದಾಟಿತು. ಯಂತ್ರಗಳ ಬಗ್ಗೆ ಅನುಮಾನವಿದ್ದ ಗಾಂಧೀಜಿ 1924ರಲ್ಲಿ ರಾಮಚಂದ್ರನ್ ಅವರೊಡನೆ ಮಾತಾಡುವಾಗ ಇದೊಂದಕ್ಕೆ ವಿನಾಯಿತಿ ಕೊಟ್ಟಿದ್ದು ಪ್ರಸಿದ್ಧ ಸಂಗತಿ. 1930ರ ದಶಕದಲ್ಲಿ ಕೋಲ್ಕತ್ತದ ಜಯ್ ಎಂಜಿನಿಯರಿಂಗ್ ಸಂಸ್ಥೆ ಉಷಾ ಯಂತ್ರವನ್ನು ತಯಾರಿಸತೊಡಗಿದ ಮೇಲೆ ಅದು ಮಧ್ಯಮವರ್ಗದ ಮದುವೆಯ ಬಳುವಳಿಗಳಲ್ಲಿ ಸೇರಿತು. ನಮ್ಮಲ್ಲೂ ಕಪ್ಪು ಉಷಾ ಒಂದಿದೆ. ಆದರೆ ಯಂತ್ರಕ್ಕೆ ಬೇಕಾದ ಜಾಗವೇ ಬೇರೆ, ಕೌದಿಗೆ ಬೇಕಾದದ್ದೇ ಬೇರೆ. ಯಂತ್ರದ ಮುಂದೆ ಒಬ್ಬರೇ ಗೋಡೆಗೆ ಮುಖಮಾಡಿ ಕೂಡಬೇಕು. ನಾಲ್ಕೈದು ಪದರದ ಕೌದಿ ಅದರ ಪಾದದಡಿ ಸುಲಭವಾಗಿ ಜರುಗುವುದೂ ಇಲ್ಲ. ಬರೆಯುವ ಹೆಣ್ಣಿಗೆ ಸ್ವಂತದ್ದೊಂದು ಕೋಣೆ ಬೇಕೆಂದು ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆದರು. ಎಂ.ಎ. ತರಗತಿಯಲ್ಲಿ ಅದನ್ನು ಓದಿ ತಲೆದೂಗಿದವರು ನಾವು. ಈಗಲೂ ಅದು ಸತ್ಯವೆಂದೇ ತಿಳಿದಿದ್ದೇವೆ. ಕೌದಿಯ ಹೆಣ್ಣುಮಕ್ಕಳಿಗೆ ಮಾತ್ರ ಬೇಕಾಗಿದ್ದದ್ದು ಬಾಗಿಲು ಹಾಕಿಕೊಳ್ಳುವ ಕೋಣೆಯಲ್ಲ, ಬಾಗಿಲಾಚೆಯ ಪಡಸಾಲೆ.

ಹೊಸ ಮನೆಯಲ್ಲಿ ನಾವು ಮಾಡಿಕೊಂಡ ಏರ್ಪಾಡು ದೊಡ್ಡದೇನಲ್ಲ. ಹೊರಕೋಣೆಯ ಸೋಫಾವನ್ನು ಬೇಕೆಂದವರಿಗೆ ಕೊಟ್ಟುಬಿಟ್ಟೆವು. ಕಿಟಕಿಯ ಬದಿಗೆ ಉಷಾ ಯಂತ್ರ. ಅದರ ಪಕ್ಕ ಅತ್ತೆಯವರ ಟ್ರಂಕು, ಈಗ ಬೀಗವಿಲ್ಲದೆ. ಟ್ರಂಕಿನೊಳಗೆ ಬಟ್ಟೆಗಳನ್ನು ಬಣ್ಣದಿಂದಲ್ಲದೆ ಜನರಿಂದ ವಿಂಗಡಿಸಿದೆವು: ಮಾವನವರವು, ಅತ್ತೆಯವರವು, ಮಕ್ಕಳವು, ಯಾರವೆಂದು ತಿಳಿಯದವು. ಪ್ರತಿ ಗಂಟಿಗೂ ಒಂದು ಚೀಟಿ. ಗುಂಡಿ, ದಾರ, ಸೂಜಿಗಳಿಗೆ ಬಿಸ್ಕತ್ತಿನ ಹಳೆಯ ಡಬ್ಬಿ. ನಡುವಿನ ನೆಲ ಪೂರ್ತಿ ಖಾಲಿ, ಎಂಟು ಅಡಿಗೆ ಏಳು ಅಡಿ. ಭಾನುವಾರ ಮಧ್ಯಾಹ್ನ ಬಾಗಿಲು ತೆರೆದಿಡುತ್ತೇವೆ. ಮೇಲಿನ ಮಹಡಿಯ ಮಲಯಾಳಿ ಮಹಿಳೆಯೂ ಎದುರು ಮನೆಯ ಸೋಲಾಪುರದ ಅಜ್ಜಿಯೂ ಬಂದು ಒಂದೊಂದು ಮೂಲೆ ಹಿಡಿಯುತ್ತಾರೆ. ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲ. ದಾರ ಪೋಣಿಸುವುದು ನಮ್ಮ ಮಗಳ ಕೆಲಸ, ಹೊಲಿಯುವುದು ಅಜ್ಜಿಯ ಬೆರಳುಗಳ ಕೆಲಸ.

ಕೂಸಿನ ಕೌದಿ ಮೊದಲು ಮುಗಿಯಿತು. ನಾದಿನಿಯ ಮಗಳಿಗೆ ಈ ವರ್ಷ ಹೆರಿಗೆಯಾಗಿದೆ. ಹದಿನೇಳು ವರ್ಷ ತಡವಾದರೂ ಅದು ಒಂದು ಕೂಸಿಗೇ ಸೇರಿತು. ದೊಡ್ಡ ಕೌದಿಗೆ ಏಳು ತಿಂಗಳು ಹಿಡಿಯಿತು. ನಮ್ಮ ಕೆಂಪು ಹೊಲಿಗೆ ಅತ್ತೆಯವರ ಬಿಳಿ ಹೊಲಿಗೆಯ ಮುಂದೆ ಒರಟಾಗಿ, ಕಲಿಯುವವರ ಅಕ್ಷರದಂತೆ ಕಾಣುತ್ತದೆ. ಲೆಕ್ಕಪರಿಶೋಧನೆಯ ವಾರದಲ್ಲಿ ಹೊಲಿದ ಸಾಲುಗಳು ಯಾವುವೆಂದು ನಮಗೆ ಗೊತ್ತು. ಮಗಳ ಪರೀಕ್ಷೆಯ ಫಲಿತಾಂಶದ ದಿನದ್ದು ಯಾವುದೆಂದೂ ಗೊತ್ತು. ಅವನ್ನೂ ಬಿಚ್ಚಲಿಲ್ಲ.

ಕೊನೆಯ ಮೂಲೆಯನ್ನು ಮುಚ್ಚುವ ದಿನ ನಾದಿನಿ ಫೋನಿನಲ್ಲಿ ನೆನಪಿಸಿದರು: ಕೌದಿಯ ಹೊಟ್ಟೆ ಹಸಿದಿರಬಾರದು, ಮುಚ್ಚುವ ಮುನ್ನ ರೊಟ್ಟಿಯ ಚೂರು ಇಡಬೇಕು, ಅವ್ವ ಹಾಗೆಯೇ ಮಾಡುತ್ತಿದ್ದಳು ಎಂದು. ಮನೆಯಲ್ಲಿ ಅಂದು ಜೋಳದ ರೊಟ್ಟಿ ಇರಲಿಲ್ಲ. ಸೋಲಾಪುರದ ಅಜ್ಜಿ ತಮ್ಮ ಮನೆಯಿಂದ ಒಣಗಿದ ಭಾಕರಿಯ ಒಂದು ಚೂರು ತಂದುಕೊಟ್ಟರು. ಅದನ್ನು ಒಳಗಿಟ್ಟು ಹೊಲಿದು, ಸಿದ್ದಿ ಹೆಣ್ಣುಮಕ್ಕಳನ್ನು ನೆನೆದು, ಮೂಲೆಗೊಂದು ಖಣದ ಹೂವು ಹಚ್ಚಿದೆವು. ಆ ರಾತ್ರಿ ಯಜಮಾನರು ಅದನ್ನು ಹೊದ್ದು ಮಲಗಿದರು. ಮುಂಬಯಿಯ ಸೆಕೆಯಲ್ಲಿ ಕೌದಿ ಯಾರಿಗೂ ಬೇಕಾಗುವುದಿಲ್ಲ, ಆದರೂ ತೆಗೆಯಲಿಲ್ಲ.

ಖಣದ ತ್ರಿಕೋನಗಳ ಕಟ್ಟುಗಳನ್ನು ನಾವು ಮುಟ್ಟಿಲ್ಲ. ಅವುಗಳಿಂದ ಅತ್ತೆಯವರು ಏನು ಮಾಡಬೇಕೆಂದಿದ್ದರೋ ನಾದಿನಿಗೂ ತಿಳಿಯದು. ಹೂವಿಗೆಂದು ತೆಗೆದುಕೊಂಡ ನಾಲ್ಕನ್ನು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಉಳಿದವನ್ನು ಅದೇ ಸೀರೆಯ ಅಂಚಿನಿಂದ ಕಟ್ಟಿ ಟ್ರಂಕಿನಲ್ಲಿಟ್ಟಿದ್ದೇವೆ. ಅದರ ಮುಂದಿನ ಟಿಪ್ಪಣಿ ಬರೆಯುವುದು ಮಗಳ ಕೈಗೆ ಬಿಟ್ಟದ್ದು.